ಮಳೆಗಾಲದಲ್ಲಿ ರೇಟ್ ಬದಲಾಯಿಸೋರು ಯಾರು? ವೆಬ್‌ಸೈಟ್ ಯಾವುದರಲ್ಲಿ ಕಟ್ಟಬೇಕು ಅಂತ ತೀರ್ಮಾನಿಸುವ ಬಗೆ

ಆಲ್ದೂರು ಕಡೆಯ ತೋಟದವರೊಬ್ಬರು ಹೆಂಡತಿ ಜೊತೆ ನನ್ನ ಹತ್ತಿರ ಬಂದಿದ್ದರು. ಐದು ರೂಮಿನ ಹೋಂಸ್ಟೇ ಇದೆ, ಜೊತೆಗೆ ಸ್ವಲ್ಪ ಕಾಫಿಪುಡಿ ವ್ಯಾಪಾರ. ಕೂತವರೇ ಶುರು ಮಾಡಿದರು. “ನನ್ನ ಮಗ ರಿಯಾಕ್ಟ್ ಅಂತಾನೆ. ನಮ್ಮ ಭಾವ ವರ್ಡ್‌ಪ್ರೆಸ್ ಅಂತಾರೆ. ಯೂಟ್ಯೂಬ್ ನೋಡಿದ್ರೆ ವಿಕ್ಸ್ ಸಾಕು ಅನ್ನುತ್ತೆ. ಯಾವುದು ಒಳ್ಳೇದು ಹೇಳಿ ಮಾರಾಯ್ರೆ.”

ನಾನು ತಿರುಗಿ ಒಂದು ಪ್ರಶ್ನೆ ಕೇಳಿದೆ. “ಜುಲೈನಲ್ಲಿ ಮಳೆ ಹಿಡಿದ ಮೇಲೆ ವಾರದ ದಿನಗಳ ರೇಟ್ ಇಳಿಸ್ತೀರಲ್ವಾ, ಅದನ್ನ ಸೈಟಿನಲ್ಲಿ ಬದಲಾಯಿಸೋದು ಯಾರು ಸಾರ್?”

ಅವರು ಹೆಂಡತಿಯ ಮುಖ ನೋಡಿದರು. ಆಕೆ “ಇನ್ಯಾರು, ನಾನೇ” ಅಂದರು. “ಹಾಗಾದ್ರೆ ಯಾವುದು ಒಳ್ಳೇದು ಅಂತ ಹೇಳಬೇಕಾದವರು ನೀವೇ ಅಕ್ಕ” ಅಂದೆ.

ಚಿಕ್ಕಮಗಳೂರು, ಹಾಸನದ ಸುತ್ತಮುತ್ತ ಹೋಂಸ್ಟೇ, ಕಾಫಿಪುಡಿ ಅಂಗಡಿ, ಟ್ಯೂಷನ್ ಸೆಂಟರ್, ಲಾಡ್ಜ್ ಇಂಥವರಿಗೆ ಸೈಟ್ ಮಾಡಿಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ನೋಡಿದ ಹಾಗೆ ಸೈಟ್ ಹಾಳಾಗುವುದು ತಂತ್ರಜ್ಞಾನ ಕೆಟ್ಟದ್ದು ಅಂತ ಅಲ್ಲ. ಕಟ್ಟಿದವರು ಒಬ್ಬರು, ದಿನಾ ನೋಡಿಕೊಳ್ಳಬೇಕಾದವರು ಇನ್ನೊಬ್ಬರು. ಕಟ್ಟುವವರಿಗೆ ಇಷ್ಟವಾದದ್ದು ನೋಡಿಕೊಳ್ಳುವವರ ಕೈಗೆ ಒಗ್ಗುವುದಿಲ್ಲ. ಎರಡು ವರ್ಷ ಆದ ಮೇಲೂ ಸೈಟಿನಲ್ಲಿ ಹಳೇ ರೇಟ್, ಹಳೇ ಫೋನ್ ನಂಬರ್ ಕೂತಿರುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳನ್ನು ಈ ಕ್ರಮದಲ್ಲೇ ಇಡಿ. ಹೆಚ್ಚಿನವರು ಮೂರನೇ ಹೆಜ್ಜೆಯಿಂದ ಶುರು ಮಾಡಿ ಕೈ ಸುಟ್ಟುಕೊಳ್ಳುತ್ತಾರೆ.

ಮೊದಲ ಹೆಜ್ಜೆ: ಸೈಟ್ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ

ಮೂರೇ ಸಾಲು ಸಾಕು. ಸೈಟಿಗೆ ಬಂದವರು ಯಾರು, ಅವರು ಏನು ನೋಡಬೇಕು, ನೋಡಿ ಏನು ಮಾಡಬೇಕು. “ಬೆಂಗಳೂರಿನವರು ರೂಮಿನ ಫೋಟೋ ನೋಡಬೇಕು, ರೇಟ್ ನೋಡಬೇಕು, ವಾಟ್ಸಾಪ್ ಮಾಡಬೇಕು.” ಇದು ಒಂದು ಸೈಟ್. “ಕಾಫಿಪುಡಿ ಆರಿಸಿ, ದುಡ್ಡು ಕಟ್ಟಿ, ಕೊರಿಯರ್ ಬರಬೇಕು.” ಇದು ಬೇರೆಯೇ ಸೈಟ್. “ಯಾವ ತಾರೀಖು ಖಾಲಿ ಇದೆ ನೋಡಿ ಅವರೇ ಬುಕ್ ಮಾಡಬೇಕು.” ಇದು ಮೂರನೆಯದು. ಹೊರಗಿನಿಂದ ಮೂರೂ ಒಂದೇ ತರ ಕಾಣುತ್ತವೆ. ಖರ್ಚು ಮತ್ತು ತಲೆನೋವು ಒಂದೇ ತರ ಇರುವುದಿಲ್ಲ.

ಸೈಟ್ ಬೇಕೇ ಅನ್ನುವುದನ್ನೂ ಇಲ್ಲೇ ಕೇಳಿಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಜಾಗ ಸರಿಯಾಗಿ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಲೆನಾಡಿನಲ್ಲಿ ಪಿನ್ ಅರ್ಧ ಕಿಲೋಮೀಟರ್ ಆಚೆ ಬಿದ್ದರೆ ಅತಿಥಿಗಳು ಇನ್ಯಾರದೋ ತೋಟದ ಗೇಟಿನ ಮುಂದೆ ರಾತ್ರಿ ಹಾರ್ನ್ ಹೊಡೆಯುತ್ತಿರುತ್ತಾರೆ. ಎಂಥ ಚೆಂದದ ವೆಬ್‌ಸೈಟೂ ಅದನ್ನು ಸರಿ ಮಾಡಲ್ಲ.

ಆದರೆ ಮ್ಯಾಪ್ ಪುಟ ಒಂದನ್ನೇ ನಂಬಿ ಕೂರಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲಿನ ಜೊತೆ ಒಂದು ಪುಟ್ಟ ವೆಬ್‌ಸೈಟನ್ನೂ ಪುಕ್ಕಟೆ ಕೊಡುತ್ತಿದ್ದರು. 2024ರ ಮಾರ್ಚ್‌ನಲ್ಲಿ ಆ ಸೈಟುಗಳನ್ನು ನಿಲ್ಲಿಸಿದರು. ಬೇರೆಯವರ ಜಗಲಿಯಲ್ಲಿ ಅಂಗಡಿ ಇಟ್ಟರೆ ಅವರು ಬಾಗಿಲು ಹಾಕಿದ ದಿನ ನಮ್ಮದೂ ಬಂದ್.

ಎರಡನೇ ಹೆಜ್ಜೆ: ಕೈ ಇಡುವವರು ಯಾರು, ಯಾವುದರಿಂದ

ಹಾಳೆಯ ಹಿಂದೆ ಇದನ್ನು ಬರೆಯಿರಿ. ಸೈಟ್ ನೋಡಿಕೊಳ್ಳುವವರ ಹೆಸರು. ಅವರ ಹತ್ತಿರ ಲ್ಯಾಪ್‌ಟಾಪ್ ಇದೆಯೋ, ಫೋನ್ ಮಾತ್ರವೋ. ವಾರಕ್ಕೆ ಎಷ್ಟು ಸಲ ಏನಾದರೂ ಬದಲಾಗುತ್ತದೆ.

ಮನೆಯವರೇ ಫೋನಿನಿಂದ ಮಾಡುವುದಾದರೆ, ಒಳ್ಳೇ ಮೊಬೈಲ್ ಆಪ್ ಇರುವುದನ್ನು ಆರಿಸಬೇಕು. ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಇದ್ದಾರೆ, ಕಂಪ್ಯೂಟರ್ ಇದೆ, ಲೆಕ್ಕ ಟ್ಯಾಲಿಯಲ್ಲೇ ಬರೆಯುತ್ತಾರೆ ಅಂದರೆ ಅವರಿಗೆ ವರ್ಡ್‌ಪ್ರೆಸ್ ಕಷ್ಟವೇನಲ್ಲ. ಒಂದು ಮಧ್ಯಾಹ್ನ ಕೂತರೆ ಕಲಿಯುತ್ತಾರೆ. ವರ್ಷಕ್ಕೆ ಎರಡೇ ಸಲ ಬದಲಾಗುವ ಸೈಟ್ ಆದರೆ, ಫೋನ್ ಮಾಡಿ ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸುವುದೇ ಲೇಸು. ಅಂಥ ಸೈಟಿಗೆ ದೊಡ್ಡ ವ್ಯವಸ್ಥೆ ದಂಡ.

“ಮಗ ನೋಡ್ಕೋತಾನೆ” ಅಂತ ಮಾತ್ರ ಬರೆಯಬೇಡಿ. ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕ ದಿನದಿಂದ ಸೈಟ್ ಅನಾಥ. ಇದು ನಾನು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಮೂರನೇ ಹೆಜ್ಜೆ: ಇರುವ ದಾರಿಗಳನ್ನು ನೋಡಿ

ಮೊದಲು ವರ್ಡ್‌ಪ್ರೆಸ್. ಇದು 2003ರಲ್ಲಿ ಶುರುವಾದದ್ದು. ಬ್ಲಾಗ್ ಬರೆಯಲು ಹುಟ್ಟಿದ ತಂತ್ರಾಂಶ ಇವತ್ತು ಜಗತ್ತಿನ ಹತ್ತು ಸೈಟುಗಳಲ್ಲಿ ನಾಲ್ಕಕ್ಕೆ ಆಧಾರವಾಗಿದೆ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಡಾಟ್ ಕಾಮ್ ಅನ್ನುವುದು ಬಾಡಿಗೆ ಮನೆ. ಒಂದು ಕಂಪನಿ ಜಾಗ ಕೊಟ್ಟು, ನೋಡಿಕೊಂಡು, ಬಾಡಿಗೆ ತಗೊಳ್ಳುತ್ತದೆ. ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದು ಪುಕ್ಕಟೆ, ಮುಕ್ತ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಜಾಗ, ಅಂದರೆ ಹೋಸ್ಟಿಂಗ್, ನೀವು ಬೇರೆ ಕೊಳ್ಳಬೇಕು. ನಮ್ಮ ಕಡೆ “ವರ್ಡ್‌ಪ್ರೆಸ್ ಸೈಟ್” ಅಂದರೆ ಸಾಮಾನ್ಯವಾಗಿ ಈ ಎರಡನೆಯದು.

ಇದರ ದೊಡ್ಡ ಬಲ ಅಂದರೆ ಬಿಟ್ಟು ಹೋಗಲು ಆಗುತ್ತದೆ. ಹೋಸ್ಟಿಂಗ್ ಕಂಪನಿ ಸರಿ ಇಲ್ಲದಿದ್ದರೆ ಇಡೀ ಸೈಟನ್ನು ಗಂಟು ಕಟ್ಟಿ ಇನ್ನೊಂದು ಕಡೆ ಬಿಚ್ಚಬಹುದು. ಮಾಡಿಕೊಟ್ಟವರು ಫೋನ್ ಎತ್ತದಿದ್ದರೆ ಇನ್ನೊಬ್ಬರು ಸಿಗುತ್ತಾರೆ, ಚಿಕ್ಕಮಗಳೂರಿನಲ್ಲೇ ಸಿಗುತ್ತಾರೆ. ಬುಕಿಂಗ್‌ಗೆ, ಫಾರಂಗೆ, ಎರಡು ಭಾಷೆಗೆ, ಎಲ್ಲದಕ್ಕೂ ಪ್ಲಗಿನ್, ಅಂದರೆ ಮೇಲಿಂದ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶ, ಇದೆ. ವ್ಯಾಪಾರಕ್ಕೆ ವೂಕಾಮರ್ಸ್ ಅನ್ನುವ ಪ್ಲಗಿನ್ ಇದೆ.

ಅದರ ಕಾಟವೂ ಪ್ಲಗಿನ್ನೇ. ಒಂದೊಂದು ಪ್ಲಗಿನ್ನೂ ಮನೆಗೆ ಇಟ್ಟ ಇನ್ನೊಂದು ಬಾಗಿಲು. ಅಪ್‌ಡೇಟ್ ಮಾಡದೆ ಬಿಟ್ಟರೆ ಕಳ್ಳರು ಅಲ್ಲಿಂದಲೇ ನುಗ್ಗುತ್ತಾರೆ. ಹೋಂಸ್ಟೇ ಸೈಟ್ ತೆಗೆದರೆ ಜೂಜಿನ ಪುಟ ಬರುವುದನ್ನು ನೀವೂ ನೋಡಿರಬಹುದು. ಹೆಚ್ಚಿನ ಸಲ ಕಾರಣ ಒಂದೋ ಅಪ್‌ಡೇಟ್ ಆಗದ ಪ್ಲಗಿನ್, ಇಲ್ಲವೇ ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿದ ಕದ್ದ ಥೀಮ್, ಅಂದರೆ ಸೈಟಿನ ರೆಡಿಮೇಡ್ ವಿನ್ಯಾಸ. ಸಾವಿರ ರೂಪಾಯಿಯ ಥೀಮ್ ಪುಕ್ಕಟೆ ಕೊಡುವವನು ಅದರೊಳಗೆ ಏನೋ ಇಟ್ಟೇ ಕೊಡುತ್ತಾನೆ. ಅದಕ್ಕೆ ನನ್ನ ಲೆಕ್ಕ ಇಷ್ಟು: ತಿಂಗಳಿಗೊಮ್ಮೆ ಒಳಗೆ ಹೋಗಿ ಬ್ಯಾಕಪ್ ತೆಗೆದು ಅಪ್‌ಡೇಟ್ ಒತ್ತುವವರು ಇದ್ದರೆ ವರ್ಡ್‌ಪ್ರೆಸ್. ಇಲ್ಲದಿದ್ದರೆ ಬೇಡ.

ಎರಡನೆಯದು ಎಳೆದು ಬಿಟ್ಟು ಕಟ್ಟುವ ಬಿಲ್ಡರ್‌ಗಳು. ವಿಕ್ಸ್, ಸ್ಕ್ವೇರ್‌ಸ್ಪೇಸ್ ಈ ಜಾತಿಯವು. ಹೋಸ್ಟಿಂಗ್, ಭದ್ರತೆ, ಅಪ್‌ಡೇಟ್ ಎಲ್ಲಾ ಅವರದೇ. ನೀವು ಫೋಟೋ ಹಾಕಿ, ಅಕ್ಷರ ಬರೆದು, ಪಬ್ಲಿಶ್ ಒತ್ತಿದರೆ ಮುಗಿಯಿತು. ಕಲಿಯುವುದು ನಿಜಕ್ಕೂ ಸುಲಭ. ಪುಕ್ಕಟೆ ಪ್ಲಾನ್ ಅಭ್ಯಾಸಕ್ಕೆ ಸರಿ, ವ್ಯವಹಾರಕ್ಕೆ ಅಲ್ಲ. ವಿಕ್ಸ್‌ನ ಪುಕ್ಕಟೆ ಸೈಟಿನ ಮೇಲೆ ಅವರದೇ ಜಾಹೀರಾತು ಇರುತ್ತದೆ, ನಿಮ್ಮ ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವಿಳಾಸ, ಜೋಡಿಸಲು ಆಗುವುದಿಲ್ಲ.

ಇದರಲ್ಲಿ ಬರುವ ತೊಡಕು ಹೊರಡುವಾಗ ಗೊತ್ತಾಗುತ್ತದೆ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಇನ್ನೊಂದು ಹೋಸ್ಟಿಂಗ್‌ನಲ್ಲಿ ಇಡಲು ಆಗುವುದಿಲ್ಲ. ಬರಹ, ಫೋಟೋ ತೆಗೆದುಕೊಂಡು ಹೊಸದಾಗಿ ಕಟ್ಟಬೇಕು. ಐದು ಪುಟದ ಹೋಂಸ್ಟೇ ಸೈಟಿಗೆ ಇದು ದೊಡ್ಡ ಮಾತಲ್ಲ, ಎರಡು ದಿನದ ಕೆಲಸ. ನೂರೈವತ್ತು ಲೇಖನ ಬರೆದಿಟ್ಟವರಿಗೆ ಮಾತ್ರ ದೊಡ್ಡ ಸಂಕಟ. “ಬಿಲ್ಡರ್ ಅಂದ್ರೆ ಬಂಧನ” ಅಂತ ಹೆದರಿಸುವವರ ಮಾತನ್ನು ನಿಮ್ಮ ಪುಟಗಳ ಲೆಕ್ಕದಲ್ಲಿ ತೂಗಿ ನೋಡಿ.

ಮೂರನೆಯದು ಶಾಪಿಫೈ. ಇದು ಅಂಗಡಿಗೆ ಅಂತಲೇ ಇರುವುದು. 2006ರಲ್ಲಿ ಕೆನಡಾದಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ಮೊದಲು ಹಿಮದ ಮೇಲೆ ಜಾರುವ ಹಲಗೆ ಮಾರುವ ಆನ್‌ಲೈನ್ ಅಂಗಡಿ ಇಟ್ಟಿದ್ದರು. ಬೇಕಾದ ತಂತ್ರಾಂಶ ಸಿಗದೆ ತಾವೇ ಬರೆದುಕೊಂಡರು. ಆಮೇಲೆ ಹಲಗೆಗಿಂತ ತಂತ್ರಾಂಶವೇ ಜಾಸ್ತಿ ಓಡಿತು.

ಕಾಫಿಪುಡಿಗೆ ಇದು ಯಾಕೆ ಹೊಂದುತ್ತದೆ ಅಂದರೆ, ಒಂದೇ ಮಾಲಿಗೆ ನಮ್ಮಲ್ಲಿ ಹತ್ತಾರು ರೂಪ. ಅರೇಬಿಕಾ, ರೋಬಸ್ಟಾ, ಪೀಬೆರಿ. ಚಿಕೋರಿ ಹಾಕಿದ್ದು, ಹಾಕದ್ದು. ಫಿಲ್ಟರ್‌ಗೆ ಒಂದು ಹದ, ಫ್ರೆಂಚ್ ಪ್ರೆಸ್‌ಗೆ ಇನ್ನೊಂದು. ಕಾಲು ಕೇಜಿ, ಅರ್ಧ ಕೇಜಿ. ಇದನ್ನೆಲ್ಲ ಬಿಲ್ಡರಿನ ಸಾದಾ ಪುಟದಲ್ಲಿ ತೋರಿಸಲು ಹೋದರೆ ಗಿರಾಕಿಗೂ ಗೊಂದಲ, ನಿಮಗೂ ಗೊಂದಲ. ಶಾಪಿಫೈನಲ್ಲೂ ವೂಕಾಮರ್ಸ್‌ನಲ್ಲೂ ಇದಕ್ಕೆ ಸರಿಯಾದ ವ್ಯವಸ್ಥೆ ಇದೆ. ಒಂದೊಂದು ರೂಪಕ್ಕೂ ಬೇರೆ ಬೆಲೆ, ಬೇರೆ ಸ್ಟಾಕ್.

ಆದರೆ ವಾರಕ್ಕೆ ಐದು ಆರ್ಡರ್ ಬರುವವರಿಗೆ ಇವೆರಡೂ ಬೇಡ. ಒಂದು ಸಾದಾ ಪುಟ, ಬೆಲೆಪಟ್ಟಿ, ವಾಟ್ಸಾಪ್ ಬಟನ್, ಯುಪಿಐ ಕ್ಯೂಆರ್. ಅಷ್ಟೇ. ಆರ್ಡರ್ ಬರೆದುಕೊಳ್ಳಲು ನೋಟ್‌ಬುಕ್ ಸಾಲದು ಅನ್ನಿಸಿದ ದಿನ ಅಂಗಡಿ ಕಟ್ಟಿ.

ಪುಡಿ ಮಾರುವವರಿಗೆ ತಂತ್ರಜ್ಞಾನದ ಹೊರಗಿನ ಎರಡು ಮಾತು. ಪ್ಯಾಕೆಟ್ಟಿನ ಮೇಲಿರುವ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ಚಿಕೋರಿ ಎಷ್ಟು ಪರ್ಸೆಂಟ್ ಅನ್ನುವುದನ್ನು ಸೈಟಿನ ಪುಟದಲ್ಲೂ ಹಾಕಿ. ಇನ್ನು “ಚಿಕ್ಕಮಗಳೂರು ಅರೇಬಿಕಾ”, “ಬಾಬಾಬುಡನ್‌ಗಿರಿ ಅರೇಬಿಕಾ” ಇವೆರಡಕ್ಕೂ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಗುರುತನ್ನು ಬ್ಯಾನರಿನಲ್ಲಿ ದೊಡ್ಡದಾಗಿ ಹಾಕುವ ಮೊದಲು ಅದನ್ನು ಬಳಸಲು ನಿಮ್ಮ ಹೆಸರು ನೋಂದಣಿ ಆಗಿದೆಯೇ ನೋಡಿಕೊಳ್ಳಿ.

ನಾಲ್ಕನೆಯದು ಸ್ಟಾಟಿಕ್ ಸೈಟ್. ನನಗೆ ಇದರ ಮೇಲೆ ಸ್ವಲ್ಪ ಮೋಹ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ವರ್ಡ್‌ಪ್ರೆಸ್‌ನಲ್ಲಿ ಯಾರಾದರೂ ಪುಟ ಕೇಳಿದಾಗ ಸರ್ವರ್ ಆಗಲೇ ಡೇಟಾಬೇಸಿನಿಂದ ಸಾಮಾನು ತೆಗೆದು ಅಡುಗೆ ಮಾಡಿ ಬಡಿಸುತ್ತದೆ. ಸ್ಟಾಟಿಕ್ ಸೈಟಿನಲ್ಲಿ ಅಡುಗೆ ಮೊದಲೇ ಮುಗಿದಿರುತ್ತದೆ, ಕೇಳಿದವರಿಗೆ ತಟ್ಟೆ ಕೊಟ್ಟರೆ ಆಯಿತು. ಅದಕ್ಕೇ ಬೇಗ ತೆರೆಯುತ್ತದೆ, ಒಡೆಯುವುದು ಕಷ್ಟ. ಹ್ಯೂಗೋ, ಜೆಕಿಲ್ ಇಂಥ ಸೈಟ್ ಕಟ್ಟುವ ಸಲಕರಣೆಗಳು. ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈನಲ್ಲಿ ಸಣ್ಣ ಸೈಟುಗಳನ್ನು ಪುಕ್ಕಟೆ ಇಡಬಹುದು. ಗಿಟ್‌ಹಬ್ ಪೇಜಸ್ ಕೂಡ ಪುಕ್ಕಟೆ, ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸಬಾರದು ಅಂತ ಅವರ ನಿಯಮದಲ್ಲೇ ಇದೆ.

ಹಾಸನದ ಒಂದು ಲಾಡ್ಜನ್ನು ನೆನೆಸಿಕೊಳ್ಳಿ. ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಕೆಲವೇ ದಿನ ತೆರೆಯುತ್ತದೆ. ವರ್ಷವಿಡೀ ದಿನಕ್ಕೆ ಇಪ್ಪತ್ತು ಜನ ನೋಡುವ ಸೈಟನ್ನು ಆ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ತೆರೆಯುತ್ತಾರೆ. ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿರುವ ವರ್ಡ್‌ಪ್ರೆಸ್ ಸೈಟ್ ಆಗಲೇ ಕೈ ಎತ್ತುವುದು. ಬರೀ ರೂಮು, ರೇಟು, ಫೋನ್ ನಂಬರ್ ತೋರಿಸುವ ಸೈಟ್ ಆದರೆ ಸ್ಟಾಟಿಕ್ ಆಗಿರಲಿ, ಇಲ್ಲವೇ ವರ್ಡ್‌ಪ್ರೆಸ್‌ಗೆ ಕ್ಯಾಶಿಂಗ್ ಪ್ಲಗಿನ್ ಆದರೂ ಹಾಕಿಸಿ. ಕ್ಯಾಶಿಂಗ್ ಅಂದರೂ ಹೆಚ್ಚು ಕಡಿಮೆ ಅದೇ, ಒಮ್ಮೆ ಮಾಡಿದ ಅಡುಗೆಯನ್ನು ಎತ್ತಿಟ್ಟು ಬಡಿಸುವುದು.

ಸ್ಟಾಟಿಕ್ ಸೈಟಿನ ಕೊರತೆ ನಾವು ಶುರುವಿನಲ್ಲಿ ಕೇಳಿದ ಪ್ರಶ್ನೆಯಲ್ಲೇ ಇದೆ. ರೇಟ್ ಬದಲಾಯಿಸಲು ಫೈಲ್ ತಿದ್ದಬೇಕು. ಆ ಅಕ್ಕನಿಗೆ ಅದನ್ನು ಕೊಟ್ಟಿದ್ದರೆ ಸುಮ್ನೆ ನನಗೇ ಫೋನ್ ಮಾಡುತ್ತಿದ್ದರು, ಅದೂ ಭಾನುವಾರ.

ಐದನೆಯದು ಕೋಡ್ ಬರೆದು ಕಟ್ಟುವುದು. ರಿಯಾಕ್ಟ್, ಜ್ಯಾಂಗೋ, ಲಾರಾವೆಲ್ ಅಂತ ಕೇಳಿರುತ್ತೀರಿ. ಬೇರೆ ಎಲ್ಲೂ ರೆಡಿ ಸಿಗದ ಕೆಲಸಕ್ಕೆ ಮಾತ್ರ ಇದು. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದು ಇದೆ ಅನ್ನಿ. ಯಾವ ತೋಟದಿಂದ ಎಷ್ಟು ಮೂಟೆ ಬಂತು, ತೇವಾಂಶ ಎಷ್ಟು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜ) ಎಷ್ಟು ಬಂತು ಅಂತ ಬೆಳೆಗಾರರು ಲಾಗಿನ್ ಆಗಿ ನೋಡಬೇಕು. ಇದಕ್ಕೆ ಕೋಡ್ ಬರೆಸಿ, ದುಡ್ಡು ಸಾರ್ಥಕ. ಐದು ರೂಮಿನ ಹೋಂಸ್ಟೇಗೆ ರಿಯಾಕ್ಟ್ ಅಂದರೆ ಪಕ್ಕದ ಮನೆಗೆ ಹಾಲು ತರಲು ಲಾರಿ ತೆಗೆದ ಹಾಗೆ. ಬರೆದವರು ಊರು ಬಿಟ್ಟರೆ ಅದನ್ನು ಓದುವವರನ್ನು ಹುಡುಕಬೇಕು.

ಬ್ಲಾಗರ್ ಬಗ್ಗೆ ಒಂದು ಮಾತು. ಅದು 1999ರದ್ದು, 2003ರಿಂದ ಗೂಗಲ್ ಕೈಯಲ್ಲಿದೆ. ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ. ಆದರೆ ಪುಕ್ಕಟೆ, ಸ್ವಂತ ಡೊಮೇನನ್ನೂ ಜೋಡಿಸಬಹುದು, ಬರೆದದ್ದನ್ನೆಲ್ಲ ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು. ಬೇಲೂರು, ಹಳೇಬೀಡಿನ ಶಿಲ್ಪಗಳ ಬಗ್ಗೆ ಬರೆಯುವ ಆಸೆ ಇರುವ ನಿವೃತ್ತ ಮೇಷ್ಟ್ರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ನಾಲ್ಕನೇ ಹೆಜ್ಜೆ: ಬುಕಿಂಗ್ ಬೇಕು ಅನ್ನುವವರು ಇಲ್ಲಿ ನಿಲ್ಲಿ

ಹೋಂಸ್ಟೇಯವರು ಹೆಚ್ಚಾಗಿ ಎರಡು ಮೂರು ಬುಕಿಂಗ್ ಆಪ್‌ಗಳಲ್ಲಿ ಇರುತ್ತಾರೆ. ಅದರ ಜೊತೆ ಸ್ವಂತ ಸೈಟಿನಲ್ಲೂ ಬುಕಿಂಗ್ ತೆರೆದರೆ ಒಂದೇ ರೂಮು ಇಬ್ಬರಿಗೆ ಹೋಗುವ ಅಪಾಯ ಇದೆ. ಶನಿವಾರ ಸಂಜೆ ಎರಡು ಕಾರು ಒಟ್ಟಿಗೆ ಅಂಗಳಕ್ಕೆ ಬಂದು ನಿಂತಾಗಿನ ಮುಜುಗರ ಅನುಭವಿಸಿದವರಿಗೇ ಗೊತ್ತು.

ಇದಕ್ಕೆ ಐಕ್ಯಾಲ್ ಅನ್ನುವ ವ್ಯವಸ್ಥೆ ಇದೆ. ಏರ್‌ಬಿಎನ್‌ಬಿಯಂಥ ಕಡೆ ನಿಮ್ಮ ಕ್ಯಾಲೆಂಡರಿನ ಒಂದು ಲಿಂಕ್ ಸಿಗುತ್ತದೆ. ಅದನ್ನು ಸೈಟಿನ ಬುಕಿಂಗ್ ಪ್ಲಗಿನ್ನಿಗೆ ಕೊಟ್ಟರೆ ತುಂಬಿದ ತಾರೀಖುಗಳು ಇಲ್ಲಿಗೂ ಬರುತ್ತವೆ. ಆದರೆ ಅದು ಆ ಕ್ಷಣಕ್ಕೇ ಬರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ನೋಡಿಕೊಳ್ಳುತ್ತದೆ. ನಡುವಿನ ಆ ಹೊತ್ತಿನಲ್ಲೇ ಇನ್ನೊಬ್ಬರು ಬುಕ್ ಮಾಡಬಹುದು. ಆದ್ದರಿಂದ ಸಣ್ಣ ಹೋಂಸ್ಟೇಗೆ ನನ್ನ ಸಲಹೆ, “ಬುಕ್ ಮಾಡಿ” ಬಟನ್ ಬೇಡ, “ರೂಮ್ ಇದೆಯಾ ಕೇಳಿ” ಬಟನ್ ಇರಲಿ. ವಾಟ್ಸಾಪಿಗೆ ಹೋಗಲಿ, ನೀವು ನೋಡಿ ಹೇಳಿ. ಹತ್ತು ಹದಿನೈದು ರೂಮು ದಾಟಿದ ಮೇಲೆ ಎಲ್ಲ ಕಡೆಯ ಕ್ಯಾಲೆಂಡರನ್ನೂ ಒಟ್ಟಿಗೆ ನೋಡಿಕೊಳ್ಳುವ ಚಾನೆಲ್ ಮ್ಯಾನೇಜರ್ ಕೊಳ್ಳುವ ಯೋಚನೆ ಮಾಡಬಹುದು.

ಐದನೇ ಹೆಜ್ಜೆ: ಐದು ವರ್ಷದ ಖರ್ಚು ಹಾಕಿ

ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ. ಹೋಸ್ಟಿಂಗ್ ಕಂಪನಿಗಳ ಜಾಹೀರಾತಿನಲ್ಲಿ ಕಾಣುವ ತಿಂಗಳ ದರ ಹೆಚ್ಚಾಗಿ ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಮಾತ್ರ ಸಿಗುವುದು. ರಿನ್ಯೂವಲ್ ದರ ಅದರ ಎರಡು ಪಟ್ಟೋ ಮೂರು ಪಟ್ಟೋ ಇರುತ್ತದೆ. ಕೊಳ್ಳುವ ಪುಟದಲ್ಲೇ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಓದಿ.

ಶಾಪಿಫೈಗೆ ತಿಂಗಳಿಗೆ ಸುಮಾರು 2,000 ರೂಪಾಯಿ ಅಂತ ಇಟ್ಟುಕೊಂಡರೂ ಐದು ವರ್ಷಕ್ಕೆ 1,20,000. ಅದರ ಮೇಲೆ ಇನ್ನೊಂದು ಇದೆ. ಶಾಪಿಫೈನವರ ಸ್ವಂತ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲ. ಹಾಗಾಗಿ ಗಿರಾಕಿಯ ದುಡ್ಡನ್ನು ನಿಮಗೆ ತಲುಪಿಸುವ ರೇಜರ್‌ಪೇಯಂಥ ಬೇರೆ ಗೇಟ್‌ವೇ ಜೋಡಿಸಬೇಕು, ಹಾಗೆ ಜೋಡಿಸಿದ್ದಕ್ಕೆ ಬೇಸಿಕ್ ಪ್ಲಾನಿನಲ್ಲಿ ಶಾಪಿಫೈ ನೂರಕ್ಕೆ 2 ರೂಪಾಯಿ ತಗೊಳ್ಳುತ್ತದೆ. ಗೇಟ್‌ವೇಯವರು ತಮ್ಮದು ಅಂತ ಸುಮಾರು 2 ರೂಪಾಯಿ, ಅದಕ್ಕೆ ಜಿಎಸ್‌ಟಿ. 500 ರೂಪಾಯಿಯ ಪ್ಯಾಕೆಟ್ ಮಾರಿದರೆ ಇಪ್ಪತ್ತೆರಡು ರೂಪಾಯಿ ಹತ್ತಿರ ಅಲ್ಲೇ ಹೋಯಿತು. ಕೊರಿಯರ್ ಬೇರೆ.

ವೂಕಾಮರ್ಸ್‌ನಲ್ಲಿ ಆ ತಿಂಗಳ ಬಾಡಿಗೆ ಇಲ್ಲ, ಗೇಟ್‌ವೇ ಕಮಿಷನ್ ಮಾತ್ರ. ಆದರೆ ಹೋಸ್ಟಿಂಗ್ ಸ್ವಲ್ಪ ಗಟ್ಟಿಯದು ಬೇಕು, ನೋಡಿಕೊಳ್ಳುವವರಿಗೆ ವರ್ಷಕ್ಕೆ ಇಷ್ಟು ಅಂತ ಕೊಡಬೇಕು. ಅದನ್ನು ಲೆಕ್ಕಕ್ಕೆ ಹಿಡಿಯದೆ “ವರ್ಡ್‌ಪ್ರೆಸ್ ಪುಕ್ಕಟೆ” ಅನ್ನುವವರ ಮಾತು ನಂಬಬೇಡಿ.

ಆರನೇ ಹೆಜ್ಜೆ: ಡೊಮೇನ್ ನಿಮ್ಮ ಹೆಸರಿನಲ್ಲಿ ಇರಲಿ

ಯಾವ ದಾರಿ ಹಿಡಿದರೂ ಇದನ್ನು ಬಿಡಬೇಡಿ. ಡೊಮೇನ್ ಅಂದರೆ ನಿಮ್ಮ ಸೈಟಿನ ವಿಳಾಸ. ಡಾಟ್ ಇನ್ ಆಗಲಿ, ಡಾಟ್ ಕಾಮ್ ಆಗಲಿ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಅದನ್ನು ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು ನೀವೇ ಕೊಳ್ಳಿ. ಹೋಸ್ಟಿಂಗ್ ಜೊತೆ “ಡೊಮೇನ್ ಫ್ರೀ” ಅಂದರೂ ಬೇರೆಯೇ ಕೊಳ್ಳುವುದು ನನ್ನ ಪದ್ಧತಿ. ಒಂದನ್ನು ಬಿಡುವಾಗ ಇನ್ನೊಂದು ಜಗ್ಗುವುದಿಲ್ಲ.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಮ್ಮ ಮನೆಯ ಅಂಗಡಿಯ ಸೈಟನ್ನೇ ಬೇರೆ ಊರಿನ ಒಬ್ಬರ ಹತ್ತಿರ ಮಾಡಿಸಿದ್ದೆ. ಡೊಮೇನ್ ಅವರ ಹೆಸರಿನಲ್ಲಿ ಇತ್ತು. ಮೂರನೇ ವರ್ಷ ಅವರು ಕೆಲಸ ಬದಲಾಯಿಸಿದರು, ಫೋನ್ ಎತ್ತಲಿಲ್ಲ, ಅವಧಿ ಮುಗಿಯಿತು. ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ, ಬೋರ್ಡು ಎಲ್ಲದರ ಮೇಲೂ ಆ ವಿಳಾಸ. ಕೊನೆಗೆ ಬೇರೆ ಹೆಸರು ತಗೊಂಡು ಬೋರ್ಡನ್ನೇ ಬರೆಸಬೇಕಾಯಿತು. ನಮ್ಮಪ್ಪ ಇವತ್ತಿಗೂ ಆ ಬೋರ್ಡಿನ ಖರ್ಚು ನೆನಪಿಸುತ್ತಾರೆ.

ಈಗಾಗಲೇ ಬೇರೆಯವರ ಹೆಸರಿನಲ್ಲಿ ಇದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ವರ್ಗಾಯಿಸಲು ಒಂದು ಕೋಡ್ ಬೇಕು, ಆಥ್ ಕೋಡ್ ಅನ್ನುತ್ತಾರೆ. ಅದು ಈಗಿನ ಖಾತೆಯಲ್ಲೇ ಸಿಗುವುದು. ರಿನ್ಯೂವಲ್ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದಿಡಿ.

ಹಾಗೇ ಬೀಗದ ಗುರುತು, ಅಂದರೆ ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಅಂತ ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ. ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ಒಂದು ಬಟನ್ ಒತ್ತಿದರೆ ಬರುತ್ತದೆ.

ಏಳನೇ ಹೆಜ್ಜೆ: ಕನ್ನಡ ಹಾಕಿ ನೋಡಿ

ಕನ್ನಡದಲ್ಲೂ ಸೈಟ್ ಬೇಕು ಅಂದರೆ, ತೀರ್ಮಾನ ಮಾಡುವ ಮೊದಲು ಇದನ್ನು ಪರೀಕ್ಷೆ ಮಾಡಿ. ಇಂಗ್ಲಿಷ್‌ನಲ್ಲಿ ಸೊಗಸಾಗಿ ಕಾಣುವ ಥೀಮ್ ಕನ್ನಡ ಹಾಕಿದ ತಕ್ಷಣ ಎಡವಟ್ಟಾಗುತ್ತದೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವಲ್ಲ, ಸಾಲಿನ ನಡುವಿನ ಜಾಗ ಸಾಲದೆ ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ನಿನೊಳಗೆ ಕತ್ತರಿಸಿ ಹೋಗುತ್ತವೆ. “ರಾಷ್ಟ್ರೀಯ ಹೆದ್ದಾರಿ”, “ಸಂಪರ್ಕಿಸಿ”, “ಕೊಟ್ಟಿಗೆಹಾರ” ಈ ಪದಗಳನ್ನು ತಲೆಬರಹದಲ್ಲಿ, ಬಟನ್‌ನಲ್ಲಿ, ಮೆನುವಿನಲ್ಲಿ ಹಾಕಿ ನೋಡಿ. ಸಾಲಿನ ಎತ್ತರ ಅಕ್ಷರದ 1.6 ಪಟ್ಟಾದರೂ ಇರಲಿ. ಅಕ್ಷರಗಳ ನಡುವೆ ಜಾಗ ಬಿಡುವ ಸೆಟ್ಟಿಂಗ್ ಇದ್ದರೆ ಸೊನ್ನೆ ಮಾಡಿ. ಫಾಂಟ್ ಬೇಕಾದರೆ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಇವು ಪುಕ್ಕಟೆ ಸಿಗುತ್ತವೆ.

ಇನ್ನೊಂದು ಪೇಚು ಪ್ರೆಸ್ಸಿನಿಂದ ಬರುತ್ತದೆ. ಪಾಂಪ್ಲೆಟ್ ಮಾಡಿಸಿದ್ದ ಬರಹವನ್ನೇ ಸೈಟಿಗೂ ಹಾಕೋಣ ಅಂತ ಫೈಲ್ ತರುತ್ತೀರಿ. ಪ್ರೆಸ್ಸಿನಲ್ಲಿ ಅದನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಸೈಟಿಗೆ ಅಂಟಿಸಿದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಕೊಂಬು ಇಟ್ಟ ಏನೋ ಒಂದು ಬರುತ್ತದೆ. ಹೆದರಬೇಡಿ, ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್‌ಗಳು ಇವೆ. ಬದಲಾಯಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಅರ್ಕಾವತ್ತು ಇರುವ ಕಡೆ ತಪ್ಪು ಸಿಗಬಹುದು. ಬರಹವನ್ನು ಚಿತ್ರ ಮಾಡಿ ಹಾಕುವ ಅಡ್ಡದಾರಿ ಹಿಡಿಯಬೇಡಿ. ಹುಡುಕುವವರಿಗೆ ಆ ಬರಹ ಸಿಗುವುದೇ ಕಷ್ಟ.

ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ವರ್ಡ್‌ಪ್ರೆಸ್ ಕನ್ನಡ ತಲೆಬರಹದಿಂದ ಕನ್ನಡದ ವಿಳಾಸವನ್ನೇ ಮಾಡುತ್ತದೆ. ಅದನ್ನು ವಾಟ್ಸಾಪಿಗೆ ಅಂಟಿಸಿದರೆ ಪರ್ಸೆಂಟ್ ಚಿಹ್ನೆಗಳ ಮೂರು ಸಾಲಿನ ರೈಲು ಬರುತ್ತದೆ. ಪ್ರಕಟಿಸುವ ಮೊದಲು ಸ್ಲಗ್ ಅನ್ನುವ ಕಡೆ ಚಿಕ್ಕದಾಗಿ ತಿದ್ದಿ. ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗಲೂ ಒಂದು ಯೋಚನೆ ಬೇಕು. 2014ರ ನವೆಂಬರ್ 1ರಿಂದ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಗಿದೆ. ಆದರೆ ಹುಡುಕುವ ಎಷ್ಟೋ ಜನ ಇನ್ನೂ ಹಳೆಯದನ್ನೇ ಒತ್ತುತ್ತಾರೆ. ಎರಡೂ ಕಾಗುಣಿತ ಪುಟದಲ್ಲಿ ಎಲ್ಲಾದರೂ ಸಹಜವಾಗಿ ಬರಲಿ.

ಎರಡು ಭಾಷೆಯ ಸೈಟಿಗೆ ವರ್ಡ್‌ಪ್ರೆಸ್‌ನಲ್ಲಿ ಪಾಲಿಲ್ಯಾಂಗ್‌ನಂಥ ಪ್ಲಗಿನ್ ಇದೆ. ವಿಕ್ಸ್‌ನಲ್ಲೂ ವ್ಯವಸ್ಥೆ ಇದೆ. ಬ್ಲಾಗರ್‌ನಲ್ಲಿ ಎರಡು ಬ್ಲಾಗ್ ಇಟ್ಟುಕೊಳ್ಳುವುದೇ ಸರಳ.

ಎಂಟನೇ ಹೆಜ್ಜೆ: ನೆಟ್‌ವರ್ಕ್ ಇಲ್ಲದ ಕಡೆ ತೆರೆಯಿರಿ

ಆಫೀಸಿನ ವೈಫೈನಲ್ಲಿ ಎಲ್ಲ ಸೈಟೂ ಬೇಗ ತೆರೆಯುತ್ತವೆ. ನಿಮ್ಮ ಅತಿಥಿ ದಾರಿ ಕೇಳಲು ಸೈಟ್ ತೆರೆಯುವುದು ಎಲ್ಲಿ? ಚಾರ್ಮಾಡಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ, ಇಲ್ಲವೇ ಸಕಲೇಶಪುರ ದಾಟಿದ ಮೇಲೆ, ಸಿಗ್ನಲ್ ಒಂದು ಗೀಟು ಇರುವಾಗ. ಮೊದಲ ಪುಟದಲ್ಲಿ ಡ್ರೋನ್ ವಿಡಿಯೋ ಓಡುತ್ತಿದ್ದರೆ ಆ ಸೈಟ್ ಅಲ್ಲಿ ತೆರೆಯುವುದೇ ಇಲ್ಲ. ಹೋಂಸ್ಟೇಯವರಿಗೆಲ್ಲ ಡ್ರೋನ್ ವಿಡಿಯೋ ಮೇಲೆ ಅದೇನು ಪ್ರೀತಿಯೋ!

ಅಲ್ಲಿತನಕ ಹೋಗಲು ಆಗದಿದ್ದರೆ ಕಂಪ್ಯೂಟರಿನ ಕ್ರೋಮ್‌ನಲ್ಲೇ ನೋಡಬಹುದು. ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಅನ್ನುವ ಕಡೆ 3ಜಿ ಆರಿಸಿ, ಪುಟ ಮತ್ತೆ ತೆರೆಯಿರಿ. ಫೋನ್ ನಂಬರ್ ಮತ್ತು ಮ್ಯಾಪ್ ಲಿಂಕ್ ಬರಲು ಎಷ್ಟು ಹೊತ್ತಾಯಿತು ನೋಡಿ. ನಾಲ್ಕೈದು ಎಂಬಿ ಇರುವ ಫೋಟೋಗಳನ್ನು ಅಗಲ ಕಡಿಮೆ ಮಾಡಿ ವೆಬ್‌ಪಿ ಅನ್ನುವ ಹಗುರ ಫೋಟೋ ಫೈಲಿಗೆ ಬದಲಾಯಿಸಿದರೆ ನೂರಿನ್ನೂರು ಕೆಬಿಗೆ ಇಳಿಯುತ್ತವೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ಕೊನೆಯ ಹೆಜ್ಜೆ: ದುಡ್ಡು ಕೊಡುವ ಮೊದಲು ಒಂದು ಭಾನುವಾರ

ಇಷ್ಟಾದ ಮೇಲೆ ನಿಮ್ಮ ಪಟ್ಟಿಯಲ್ಲಿ ಎರಡು ಉಳಿದಿರುತ್ತವೆ. ಎರಡರಲ್ಲೂ ಒಂದೊಂದು ಪುಟ ಪುಕ್ಕಟೆ ಕಟ್ಟಿ, ಇಲ್ಲವೇ ಮಾಡಿಕೊಡುವವರ ಹತ್ತಿರ ಕಟ್ಟಿಸಿ. ರೂಮಿನ ಎರಡು ಫೋಟೋ, ನಾಲ್ಕು ಸಾಲು ಬರಹ, ಒಂದು ರೇಟ್. ಆಮೇಲೆ ಸೈಟ್ ನೋಡಿಕೊಳ್ಳುವವರ ಕೈಗೆ ಅವರದೇ ಫೋನ್ ಕೊಟ್ಟು, ರೇಟ್ ಬದಲಾಯಿಸಿ ಹೊಸ ಫೋಟೋ ಹಾಕಲು ಹೇಳಿ. ನೀವು ಬಾಯಿ ಬಿಡಬೇಡಿ. ಪಕ್ಕದಲ್ಲಿ ಕೂತು ಎಲ್ಲಿ ನಿಂತರು, ಎಲ್ಲಿ ತಡಕಾಡಿದರು ಅಂತ ನೋಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಅದು ಬೇಡ, ಜಗತ್ತೇ ಅದನ್ನು ಹೊಗಳಿದರೂ ಬೇಡ.

ಆಲ್ದೂರಿನವರ ಮನೆಯಲ್ಲಿ ಹಾಗೇ ಮಾಡಿದೆವು. ವರ್ಡ್‌ಪ್ರೆಸ್ ಆಪ್‌ನಲ್ಲಿ ಅಕ್ಕ ರೇಟ್ ಹುಡುಕುತ್ತಾ ಮೆನುಗಳ ಒಳಗೆ ಹೋಗಿ ಹೋಗಿ ಕೊನೆಗೆ ಫೋನ್ ಕೆಳಗಿಟ್ಟರು. ಬಿಲ್ಡರಿನ ಆಪ್‌ನಲ್ಲಿ ಆರು ನಿಮಿಷ. ನನಗೆ ವರ್ಡ್‌ಪ್ರೆಸ್ ಮಾಡುವ ಆಸೆ ಇತ್ತು, ಅದರಲ್ಲಿ ನನಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತಿತ್ತು. ಆದರೂ ಹೋಂಸ್ಟೇಗೆ ಬಿಲ್ಡರೇ ಅಂತ ಆಯಿತು. ಕಾಫಿಪುಡಿಗೆ ಅದರಲ್ಲೇ ಒಂದು ಪುಟ, ವಾಟ್ಸಾಪ್ ಬಟನ್. ಡೊಮೇನನ್ನು ಆಕೆಯ ಇಮೇಲ್‌ನಲ್ಲಿ ಕೊಂಡೆವು. ಪಾಸ್‌ವರ್ಡನ್ನು ಆಕೆ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟರು. ಬೇಡ ಅಕ್ಕ ಅಂದೆ, ಕೇಳಲಿಲ್ಲ.

ಜುಲೈ ಮೊದಲ ವಾರ ಸೈಟ್ ತೆರೆದು ನೋಡಿದೆ. ವಾರದ ದಿನಗಳ ರೇಟ್ ಇಳಿದಿತ್ತು. ಕೆಳಗೆ ಅವರೇ ಒಂದು ಸಾಲು ಸೇರಿಸಿದ್ದರು: “ಜಿಗಣೆ ಇವೆ, ಉಪ್ಪು ನಾವೇ ಕೊಡುತ್ತೇವೆ.”